ಗೋಸುಂಬೆ ಗ್ರೀಷ್ಮಾವಾಸ ಮೀಮಾಂಸೆ

ಯಾವುದೇ ಗ್ರಂಥದ ಆರಂಭದಲ್ಲಿ ಅಧಿಕಾರಿ, ವಿಷಯ, ಪ್ರಯೋಜನ, ಸಂಬಂಧ ಎಂಬ ನಾಲ್ಕನ್ನು ಹೇಳಬೇಕೆಂದು ಶಾಸ್ತ್ರಕಾರರ ಕಟ್ಟಳೆ. ಅಧಿಕಾರಿ ಎಂದರೆ ದಾವಣಗೆರೆಯ ಪಿಯು ಕಾಲೇಜೊಂದರಲ್ಲಿ 34 ವರ್ಷ ತರ್ಕಶಾಸ್ತ್ರ ಪಾಠ ಹೇಳಿ, ನಿವೃತ್ತನಾಗಿ, ಆರು ತಿಂಗಳ ಮಟ್ಟಿಗೆ ಮಿಷಿಗನ್‌ನ ಮಗಳ ಮನೆಗೆ ಬಂದಿಳಿದಿರುವ ನಾನು. ವಿಷಯ, ಮೊಮ್ಮಗ ಸಾಕಿದ ಗೋಸುಂಬೆಗೆ ಬೇಸಿಗೆಯಲ್ಲಿ ಹಿತ್ತಲಲ್ಲೊಂದು ಮನೆ ಕಟ್ಟುವುದು. ಪ್ರಯೋಜನ, ಗೋಸುಂಬೆಗೆ ಡಿ ವಿಟಮಿನ್ನು, ಲೇಖಕನಿಗೆ ಕಾಲಕ್ಷೇಪ. ಸಂಬಂಧವೇನೆಂಬುದು ನನಗೇ ತಡವಾಗಿ ತಿಳಿದದ್ದರಿಂದ ಓದುಗರೂ ಕಾಯತಕ್ಕದ್ದು.

ಮೊದಲು ಶಬ್ದವಿಚಾರ. ಗೋಸುಂಬೆಯೆಂದರೂ ಊಸರವಳ್ಳಿಯೆಂದರೂ ಒಂದೇ. ಕನ್ನಡ ಪತ್ರಿಕೆಗಳನ್ನು ಪ್ರಮಾಣವೆಂದು ಹಿಡಿದರೆ ಈ ಪ್ರಾಣಿ ಚುನಾವಣೆಗೆ ಮೂರು ತಿಂಗಳಿರುವಾಗ ಕಾಣಿಸಿಕೊಂಡು, ಖಾತೆ ಹಂಚಿಕೆಯಾದೊಡನೆ ಮರೆಯಾಗುತ್ತದೆ. ಓತಿಕ್ಯಾತ ಬೇರೆಯೇ ಜೀವಿ. ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ ಎಂಬ ಗಾದೆಯನ್ನು ಈ ಚರ್ಚೆಗೆ ಎಳೆದು ತರುವವರು ಪ್ರಾಣಿಶಾಸ್ತ್ರವನ್ನೂ ಸಾಕ್ಷ್ಯಶಾಸ್ತ್ರವನ್ನೂ ಒಟ್ಟಿಗೆ ಕೆಡಿಸುತ್ತಾರೆ. ಇಡೀ ಭಾರತಕ್ಕೆಲ್ಲ ನಿಜವಾದ ಗೋಸುಂಬೆ ಒಂದೇ ಜಾತಿಯದು. ಅದನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಆದಕಾರಣ ದಾವಣಗೆರೆಯ ಓದುಗರು ಈ ಗ್ರಂಥವನ್ನು ಓದಬಹುದು, ಪಾಲಿಸಕೂಡದು.

ನಮ್ಮ ಮನೆಯದರ ಮೂಲ ಯೆಮೆನ್ ಮತ್ತು ಸೌದಿ ಅರೇಬಿಯಾದ ನೈಋತ್ಯದ ಬೆಟ್ಟಸಾಲು. 1851ರಲ್ಲಿ ಅದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದವರು ಫ್ರಾನ್ಸಿನ ಡ್ಯುಮೆರಿಲ್ ಎಂಬ ತಂದೆ ಮಗ. ತಲೆಯ ಮೇಲೆ ಎರಡಂಗುಲ ಎದ್ದು ನಿಂತ ಶಿಖೆ ಅವರ ಕಣ್ಣಿಗೆ ಮುಸುಕಿನಂತೆ ಕಂಡಿತಂತೆ. ನನಗದು ಮೈಸೂರು ಪೇಟದಂತೆ ಕಂಡದ್ದರಿಂದ ದಿವಾನರು ಎಂದೇ ಕರೆಯುತ್ತೇನೆ. ದಿವಾನರು ಯೆಮೆನ್ ನೋಡಿದವರಲ್ಲ. ಹುಟ್ಟಿದ್ದು ಇಲ್ಲಿನ ಸಾಕಣೆ ಕೇಂದ್ರದಲ್ಲಿ. ಮೊಮ್ಮಗನೂ ಇಲ್ಲೇ ಹುಟ್ಟಿದವನು. ವೀಸಾದ ಮೇಲಿರುವವರು ನಾನು ಮತ್ತು ನಮ್ಮ ಮನೆಯವಳು ಮಾತ್ರ.

ಪೂರ್ವಪಕ್ಷ ಅವಳದೇ. "ಒಳಗೆ ಕಿಟಕಿ ಪಕ್ಕ ಇಟ್ರೆ ಬಿಸಿಲು ಬೀಳಲ್ವೇನ್ರೀ? ಇದಕ್ಕೊಂದು ಬಂಗಲೆ ಬೇರೆ!"

ಸಿದ್ಧಾಂತ ಹೀಗಿದೆ. ಗಾಜು ಬೆಳಕನ್ನು ಬಿಡುತ್ತದೆ, ಬಿಸಿಲಿನ ಸಾರವನ್ನು ಬಿಡುವುದಿಲ್ಲ. ಸುಮಾರು 290ರಿಂದ 315 ನ್ಯಾನೊಮೀಟರ್ ಅಲೆಯುದ್ದದ ಯುವಿಬಿ ಕಿರಣ ಮೈಮೇಲೆ ಬಿದ್ದರೇ ಚರ್ಮದಲ್ಲಿ ಡಿ3 ತಯಾರಾಗುವುದು. ಅದಿಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತದೆ, ಗೋಸುಂಬೆಯ ಕಾಲಿನ ಮೂಳೆ ಹಸಿ ಬರಲಿನಂತೆ ಬಾಗುತ್ತದೆ. ಕಿಟಕಿಯ ಗಾಜು ಈ ಕಿರಣವನ್ನು ಬಹುಪಾಲು ನುಂಗಿಬಿಡುತ್ತದೆ. ಹಾಗೆಂದು ಗಾಜಿನ ತೊಟ್ಟಿಯನ್ನೇ ಹೊತ್ತು ಹಿತ್ತಲಲ್ಲಿಟ್ಟರೆ ಅರ್ಧ ಗಂಟೆಯಲ್ಲಿ ಅದು ಒಲೆಯಾಗುತ್ತದೆ. ಆದ್ದರಿಂದ ಗೋಡೆಯೆಂಬುದು ಜಾಲರಿಯೇ ಆಗಿರತಕ್ಕದ್ದು.

ಇಲ್ಲಿ ಪಂಜರದ ಲಕ್ಷಣವನ್ನು ಹೇಳಬೇಕಾಗುತ್ತದೆ. ನನ್ನ 34 ವರ್ಷಗಳ ವಿದ್ಯೆಗೆ ಕೊನೆಗೂ ಒಂದು ಕೆಲಸ ಸಿಕ್ಕಿತು. 'ಗೋಸುಂಬೆಯನ್ನು ಹೊರಗೆ ಬಿಡದಿರುವುದು ಪಂಜರ' ಎಂದರೆ ಚಪ್ಪಲಿ ಡಬ್ಬಿಗೂ ಅನ್ವಯಿಸುತ್ತದೆ, ಅತಿವ್ಯಾಪ್ತಿ ದೋಷ. 'ಕಿಟಕಿಗೆ ಹೊಡೆಯುವ ತೆಳು ಅಲ್ಯುಮಿನಿಯಂ ಜಾಲರಿಯದೇ ಪಂಜರ' ಎಂದರೆ ಅವ್ಯಾಪ್ತಿ. ಏಕೆಂದರೆ ಬೆಕ್ಕಿನ ಪಂಜಕ್ಕೂ ರಕೂನಿನ ಕೈಗೂ ಹೆದರಿ ಜನ ಹೊರಗಡೆ ಗಟ್ಟಿ ತಂತಿಯ ಬಲೆ ಹೊಡೆಯುತ್ತಾರೆ, ಅದೂ ಪಂಜರವೇ. ಪ್ಲಾಸ್ಟಿಕ್ ಜಾಲರಿಯನ್ನಂತೂ ಊಟಕ್ಕೆ ಬಿಟ್ಟ ಹುಳುಗಳೇ ಕೊರೆದು ಓಡಿಹೋಗುತ್ತವೆ. ಬಹಳ ಯೋಚಿಸಿ ಮೂರನೆಯ ಲಕ್ಷಣ ಹೇಳಿದೆ. 'ಒಳಗಿನವರು ಹೊರಗೆ ಹೋಗಬಾರದು, ಹೊರಗಿನವರು ಒಳಗೆ ಬರಬಾರದು, ಗಾಳಿ ಮಾತ್ರ ಧಾರಾಳವಾಗಿ ಓಡಾಡಬೇಕು.' ಇದು ಮಗಳ ಮನೆಗೂ ಹೊಂದುತ್ತದಲ್ಲ ಎಂದು ನಾನೇ ಅತಿವ್ಯಾಪ್ತಿಗೆ ಅಂಜುತ್ತಿದ್ದಾಗ ನಮ್ಮ ಮನೆಯವಳು, "ಇಲ್ಲಿ ಗಾಳಿ ಎಲ್ಲಿ ಓಡಾಡುತ್ತೆ? ಎಸಿ ಅಂತ ಕಿಟಕೀನೇ ತೆಗೆಯಲ್ಲ" ಎಂದಳು. ಲಕ್ಷಣ ನಿರ್ದೋಷವೆಂದು ಸಿದ್ಧವಾಯಿತು.

ಅಳಿಯ ಎರಡಡಿ ಉದ್ದ, ಎರಡಡಿ ಅಗಲ, ನಾಲ್ಕಡಿ ಎತ್ತರದ ಚೌಕಟ್ಟು ಹೊಡೆದ. ಎತ್ತರವೇ ಮುಖ್ಯ. ಎಲ್ಲರ ತಲೆಗಿಂತ ಮೇಲೆ ಕೂತರಷ್ಟೇ ದಿವಾನರಿಗೆ ನೆಮ್ಮದಿ, ಹಾಗಾಗಿ ಪಂಜರವನ್ನು ಮೇಜಿನ ಮೇಲಿಟ್ಟೆವು. ಬಾಗಿಲಿಗೆ ಬರೀ ಕೊಂಡಿ ಸಾಲದು. ರಕೂನ್ ಕೊಂಡಿ ತೆಗೆಯುವುದರಲ್ಲಿ ಪಳಗಿದ ಕೈ, ಮುಖಕ್ಕೆ ಕಪ್ಪು ಪಟ್ಟಿ ಬೇರೆ ಕಟ್ಟಿಕೊಂಡಿರುತ್ತದೆ. ನಂಬರ್ ಬೀಗ ಹಾಕಿದ್ದಾಯಿತು. ನಂಬರ್ ಗೊತ್ತಿರುವುದು ಮೊಮ್ಮಗನಿಗೊಬ್ಬನಿಗೇ. ಇರುವೆಗಳ ಪ್ರಶ್ನೆಯಲ್ಲಿ ಅಳಿಯನ ಇಂಜಿನಿಯರಿಂಗ್ ಸೋತಿತು. ಆಗ ನಮ್ಮ ಮನೆಯವಳು ಮಾತಿಲ್ಲದೆ ನಾಲ್ಕು ಬಟ್ಟಲು ತಂದು, ನೀರು ತುಂಬಿ, ಮೇಜಿನ ನಾಲ್ಕು ಕಾಲಿಗೂ ಇಟ್ಟಳು. ಅವಳ ಅಜ್ಜಿಯ ಮನೆಯಲ್ಲಿ ತುಪ್ಪದುಂಡೆಯ ಬೀರು ನಿಂತಿದ್ದದ್ದು ಹಾಗೆಯೇ. ಪೂರ್ವಪಕ್ಷಿಯೇ ಸಿದ್ಧಾಂತಕ್ಕೆ ಕಾಲು ಕೊಟ್ಟ ನಿದರ್ಶನ ನಮ್ಮ ದರ್ಶನಗಳಲ್ಲಿ ವಿರಳ.

ಈ ಶಾಸ್ತ್ರದ ಅತಿ ಕಠಿಣ ಭಾಗ ನೆರಳು. ನೆರಳಿಗೆ ಕಾಲಿದೆ ಎಂಬ ಒಂದು ಸೂತ್ರವನ್ನು ಮರೆತು ಸತ್ತ ಗೋಸುಂಬೆಗಳು ಲೆಕ್ಕವಿಲ್ಲದಷ್ಟಿರಬೇಕು. ಬೆಳಗ್ಗೆ ಮೇಪಲ್ ಮರದ ತಣ್ಣೆಳಲಲ್ಲಿದ್ದ ಪಂಜರ ಮಧ್ಯಾಹ್ನ ಒಂದಕ್ಕೆ ಬಟಾಬಯಲಿನಲ್ಲಿರುತ್ತದೆ. ಮರ ಕದಲಿರುವುದಿಲ್ಲ, ಸೂರ್ಯ ಕದಲಿರುತ್ತಾನೆ. ಮೂರು ದಿನ ಕುರ್ಚಿ ಹಾಕಿಕೊಂಡು ಕೂತು, ಗಂಟೆಗೊಮ್ಮೆ ನೆಲಕ್ಕೆ ಗೂಟ ಹೊಡೆದು ನೆರಳಿನ ಪಥವನ್ನು ಗುರುತಿಸಿದೆ. ಪಂಜರದ ಅರ್ಧ ಭಾಗವಾದರೂ ಸದಾ ನೆರಳಲ್ಲಿರಬೇಕು. ಯಾವ ಕಡೆ ಕೂರಬೇಕೆಂಬ ತೀರ್ಮಾನ ದಿವಾನರದು. ಅದಕ್ಕಾಗಿ ಒಳಗೊಂದು ದಾಸವಾಳದ ಕುಂಡ ಇಟ್ಟೆವು, ಔಷಧಿ ಹೊಡೆಯದ್ದು, ಏಕೆಂದರೆ ಈ ಜಾತಿ ಹುಳುವಿನ ಜೊತೆಗೆ ಎಲೆಯನ್ನೂ ಹೂವನ್ನೂ ತಿನ್ನುತ್ತದೆ. ಬೆಳಗಿನ ಮೊದಲ ಹೂವು ಪೂಜೆಗೋ ದಿವಾನರಿಗೋ ಎಂಬ ವ್ಯಾಜ್ಯ ಇನ್ನೂ ನಡೆಯುತ್ತಿದೆ. ದೇವರು ಈವರೆಗೆ ಎಲ್ಲ ದಿನವೂ ಸೋತಿದ್ದಾನೆ.

ಬಣ್ಣದ ಬಗ್ಗೆ ಲೋಕದಲ್ಲಿ ಹಬ್ಬಿರುವ ಅಪಪ್ರಚಾರವನ್ನು ಖಂಡಿಸದೆ ಮುಂದೆ ಹೋಗಲಾರೆ. ಕೂತ ಜಾಗದ ಬಣ್ಣಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದನ್ನು ಪರೀಕ್ಷಿಸಲು ದಿವಾನರನ್ನು ನನ್ನ ಚೌಕಳಿ ಲುಂಗಿಯ ಮೇಲೆ ಕೂರಿಸಿದೆ. ಚೌಕಳಿ ಮೂಡಲಿಲ್ಲ, ಲುಂಗಿಗೆ ಉಗುರಿನ ತೂತು ಬಿತ್ತು. ಬೆಳಗಿನ ಚಳಿಯಲ್ಲಿ ಅವರು ಮೈ ಕಪ್ಪಾಗಿಸಿಕೊಂಡು, ಪಕ್ಕೆಯನ್ನು ಬಿಸಿಲಿಗೆ ಒಡ್ಡಿ ಕಾಯಿಸಿಕೊಳ್ಳುತ್ತಾರೆ. ಕಾದ ಮೇಲೆ ತಿಳಿ ಹಸಿರಾಗುತ್ತಾರೆ. ಇನ್ನೊಂದು ಗಂಡು ಗೋಸುಂಬೆ ಕಂಡರೆ ಸಿಟ್ಟಿನ ಬಣ್ಣ. 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದವರು ಮಡಗಾಸ್ಕರಿನ ಗೋಸುಂಬೆಯ ಚರ್ಮದಲ್ಲಿ ಗ್ವಾನಿನ್ ಹರಳುಗಳನ್ನು ಕಂಡು, ಅವುಗಳ ನಡುವಣ ಅಂತರ ಹೆಚ್ಚು ಕಡಿಮೆಯಾದಂತೆ ಬಣ್ಣ ಬದಲಾಗುವುದನ್ನು ತೋರಿಸಿದರು. ಅಂದರೆ ಬಣ್ಣ ಬದಲಿಸುವುದು ಮನದಲ್ಲಿದ್ದದ್ದನ್ನು ಹೇಳಲೇ ಹೊರತು ಮುಚ್ಚಿಡಲಲ್ಲ. ವಿಧಾನಸೌಧದ ಹೋಲಿಕೆ ಇಲ್ಲಿಗೆ ಬಿದ್ದುಹೋಯಿತು. ಪೂರ್ತಿ ಬಿಳಿಚಿಕೊಂಡು ಬಾಯಿ ತೆರೆದು ಕೂತರೆ ಮಾತ್ರ ಮೀಮಾಂಸೆ ನಿಲ್ಲಿಸಿ ಪಂಜರವನ್ನು ನೆರಳಿಗೆ ಎಳೆಯಬೇಕು. ಅದು ಸೆಕೆ ಮಿತಿಮೀರಿದ ಗುರುತು.

ನೀರಿನ ವಿಷಯ ಸಣ್ಣದು. ಬಟ್ಟಲಿನ ನಿಂತ ನೀರನ್ನು ನೀರೆಂದು ದಿವಾನರು ಒಪ್ಪುವುದಿಲ್ಲ. ಎಲೆಯ ಮೇಲೆ ಹನಿ ಹನಿಯಾಗಿ ಬೀಳಬೇಕು. ತೋಟದ ಪೈಪಿನಲ್ಲಿ ನಿಂತ ನೀರು ಬಿಸಿಲಿಗೆ ಬಚ್ಚಲ ಹಂಡೆಯ ನೀರಾಗಿರುತ್ತದೆ, ಮೊದಲು ಹುಲ್ಲಿಗೆ ಬಿಟ್ಟು, ಕೈಯೊಡ್ಡಿ ನೋಡಿ, ಆಮೇಲೆ ಅಭಿಷೇಕ.

ಸಂಜೆಯ ಅಪಾಯ ಎಲ್ಲಕ್ಕಿಂತ ಸುಂದರವಾದದ್ದು. ಜೂನ್ ಕೊನೆಗೆ ಇಲ್ಲಿನ ಹುಲ್ಲುಹಾಸಿನಿಂದ ಮಿಂಚುಹುಳುಗಳು ಏಳುತ್ತವೆ. ಅವುಗಳ ಮೈಯಲ್ಲಿ ಹಲ್ಲಿ ಜಾತಿಯ ಪ್ರಾಣಿಗಳ ಹೃದಯ ನಿಲ್ಲಿಸುವಂಥ ವಿಷವಿದೆ; ಒಂದನ್ನು ನುಂಗಿದರೂ ಸಾಕು. ಕಣ್ಣುಗಳೆರಡನ್ನೂ ಬೇರೆಬೇರೆ ದಿಕ್ಕಿಗೆ ಹೊರಳಿಸುತ್ತ, ಮೈಗಿಂತ ಉದ್ದದ ನಾಲಿಗೆ ಇಟ್ಟುಕೊಂಡು ಕೂತವರಿಗೆ ಮಿಣುಕುವ ಹುಳು ಕಂಡರೆ ಕೇಳಬೇಕೆ? ಹಾಗಾಗಿ ದೀಪ ಹಚ್ಚುವ ಹೊತ್ತಿಗೆ ಮುಂಚೆ ದಿವಾನರು ಒಳಗಿರಬೇಕು. ಮೇ ಮತ್ತು ಸೆಪ್ಟೆಂಬರಿನಲ್ಲಿ ರಾತ್ರಿ 13 ಡಿಗ್ರಿಗಿಂತ ಕೆಳಗಿಳಿಯುವುದೂ ಉಂಟು, ಆ ಕಾರಣಕ್ಕೂ ಒಳಗೇ.

ಈ ವಿಧಿಗಳನ್ನೆಲ್ಲ ಮೊಮ್ಮಗ ಇಂಗ್ಲಿಷಿನಲ್ಲಿ ಒಂದು ಚೀಟಿ ಮಾಡಿ ಫ್ರಿಜ್ಜಿಗೆ ಅಂಟಿಸಿದ. ಹತ್ತಕ್ಕೆ ಹೊರಗೆ, ಬಿಸಿಲು. ಹನ್ನೊಂದಕ್ಕೆ ನೀರು. ಒಂದಕ್ಕೆ ನೆರಳು. ಏಳೂವರೆಗೆ ಒಳಗೆ. ಮೇಲೆ ಯಾರ ಹೆಸರೂ ಇರಲಿಲ್ಲ. ಡಾಕ್ಟರು ನನಗೂ ಡಿ ಕಡಿಮೆ ಎಂದಿದ್ದಾರೆ. "ಅಪ್ಪಾ, ಸ್ವಲ್ಪ ಬಿಸಿಲಿಗೆ ಕೂತ್ಕೊಳಿ" ಎಂದು ಮಗಳು ದಿನವೂ ಹೇಳುತ್ತಿದ್ದಳು. ಮಗು ಎಷ್ಟು ಚೆನ್ನಾಗಿ ತಾತನ ದಿನಚರಿ ಬರೆದಿದೆ ಎಂದುಕೊಂಡು ಎರಡು ವಾರ ಚಾಚೂತಪ್ಪದೆ ಪಾಲಿಸಿದೆ. ಪಂಜರದ ಪಕ್ಕದಲ್ಲೇ ಕುರ್ಚಿ, ಗೂಟದಿಂದ ಗೂಟಕ್ಕೆ ಇಬ್ಬರ ಪಯಣ.

ಮೊನ್ನೆ ಭಾನುವಾರ ಚೀಟಿಯಲ್ಲಿ ಹೊಸ ಸಾಲೊಂದು ಸೇರಿತ್ತು. ಸಂಜೆ ಐದಕ್ಕೆ, ಕ್ರಿಕೆಟ್, ಎಂಟು. ಎಂಟು ಓವರಿನ ಪಂದ್ಯವೂ ಬಂತೇ ಎಂದು ಅಚ್ಚರಿಪಡುತ್ತ, ಕಾಫಿ ಲೋಟ ಹಿಡಿದು ಐದಕ್ಕೆ ಸರಿಯಾಗಿ ಟಿವಿ ಮುಂದೆ ಕೂತೆ. ಮೊಮ್ಮಗ ಎಂಟು ಚಿಮ್ಮಂಡೆ ಹುಳುಗಳಿದ್ದ ಡಬ್ಬಿ ಹಿಡಿದುಕೊಂಡು ನನ್ನ ಮುಂದೆಯೇ ಹಾದು ಹಿತ್ತಲಿಗೆ ಹೋದ.