ಬೆನ್ನೇರಿದ ಕಾವೇರಿ

ವಾಹನ ಹೋಗಬಹುದಾದಷ್ಟು ದೂರ ವಾಹನದಲ್ಲೇ ಹೋಗಿ, ಅಲ್ಲಿಂದ ಮುಂದೆ ಯಾವ ತುರ್ತು ಕೆಲಸವೂ ಇಲ್ಲದ ಎತ್ತರದ ಜಾಗವೊಂದಕ್ಕೆ ಕಷ್ಟಪಟ್ಟು ಹತ್ತಿ, ಒಂದಿಷ್ಟು ಹೊತ್ತು ಗಾಳಿಗೆ ನಿಂತು ಇಳಿದು ಬರುವ ಕ್ರಿಯೆಗೆ ಚಾರಣವೆಂದು ಹೆಸರು. ಇದಕ್ಕೆ ಬೇಕಾದ ಶೂ, ಟೆಂಟು, ಮಳೆಯಂಗಿಗಳ ಕುರಿತು ಚಾರಣಿಗರಲ್ಲಿ ವಾರಗಟ್ಟಲೆ ಚರ್ಚೆ ನಡೆಯುತ್ತದಾದರೂ ಕುಡಿಯುವ ನೀರಿನ ವಿಷಯ ಬಂದಾಗ ಮಾತ್ರ ‘ದಾರಿಯಲ್ಲಿ ಎಲ್ಲಾದರೂ ಸಿಗುತ್ತದೆ’ ಎಂದು ಯಾರೋ ಒಬ್ಬರು ಹೇಳುತ್ತಾರೆ, ಉಳಿದವರು ಒಪ್ಪಿಬಿಡುತ್ತಾರೆ. ಈ ಹೇಳಿಕೆಯ ಸತ್ಯಾಸತ್ಯತೆಯನ್ನು ಪರೀಕ್ಷಿಸುವುದಕ್ಕೆ ಕುಮಾರ ಪರ್ವತಕ್ಕಿಂತ ತಕ್ಕ ಸ್ಥಳ ಕರ್ನಾಟಕದಲ್ಲಿ ಸಿಗುವುದು ಕಷ್ಟ.

ಪುಷ್ಪಗಿರಿ ವನ್ಯಧಾಮದ ಈ ಶಿಖರದ ಎತ್ತರ ಸಮುದ್ರಮಟ್ಟದಿಂದ 1712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತುವವರು ಅದರಲ್ಲಿ 1500 ಮೀಟರಿಗೂ ಹೆಚ್ಚನ್ನು ತಮ್ಮ ಕಾಲಿನಿಂದಲೇ ಸಂಪಾದಿಸಬೇಕು. ಗಿರಿಗದ್ದೆಯ ಭಟ್ಟರ ಮನೆಯವರೆಗೆ ದಟ್ಟವಾದ ಕಾಡಿದ್ದು, ಅದರಾಚೆ ಕಲ್ಲುಮಂಟಪ, ಶೇಷಪರ್ವತಗಳ ದಾರಿ ಬಹುಪಾಲು ಬಯಲು ಹುಲ್ಲುಗಾವಲಿನಲ್ಲಿ ಸಾಗುತ್ತದೆ. ಕಾಡಿನಲ್ಲಿ ನೆರಳಿರುವುದರಿಂದ ನೀರು ಹೆಚ್ಚು ಬೇಡವೆಂದು ತರ್ಕ ಹೇಳುತ್ತದೆ. ದೇಹದ ಲೆಕ್ಕ ಬೇರೆ. ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಆರದಿದ್ದರೆ ಮೈ ತಂಪಾಗುವುದಿಲ್ಲ, ತಂಪಾಗದ ಮೈ ಇನ್ನಷ್ಟು ಬೆವರುತ್ತದೆ. ಹೀಗೆ ಗಂಟೆಗೆ ಅರ್ಧದಿಂದ ಒಂದು ಲೀಟರ್ ನೀರು ಅಂಗಿಯ ಪಾಲಾಗುತ್ತಿರುವಾಗ, ನೆರಳಿನಲ್ಲೇ ಬಾಟಲಿ ಬರಿದು ಮಾಡಿಕೊಂಡ ಚಾರಣಿಗರು ಬಿಸಿಲಿಗೆ ಕಾಲಿಡುವ ಹೊತ್ತಿಗೆ ಸರಿಯಾಗಿ ಒಣಗಿ ಸಿದ್ಧರಾಗಿರುತ್ತಾರೆ.

ಹೆಚ್ಚು ನೀರು ಹೊತ್ತರಾಯಿತಲ್ಲ ಎಂಬ ಸಲಹೆ ಸುಲಭದ್ದಾಗಿ ಕಾಣುತ್ತದೆ. ಆದರೆ ನೀರು ಲೀಟರಿಗೆ ಒಂದು ಕಿಲೋ ತೂಗುವ ವಸ್ತು. ಟೆಂಟು ತಯಾರಿಸುವವರು ವರ್ಷದಿಂದ ವರ್ಷಕ್ಕೆ ತೂಕ ಇಳಿಸುತ್ತ ಬಂದಿದ್ದರೂ, ನೀರಿನ ಹಗುರವಾದ ಹೊಸ ಮಾದರಿ ಇದುವರೆಗೆ ಮಾರುಕಟ್ಟೆಗೆ ಬಂದಿಲ್ಲ. ಇಲ್ಲಿ ಭೂಗೋಳದ ಒಂದು ತಮಾಷೆಯನ್ನು ಗಮನಿಸಬೇಕು. ಪುಷ್ಪಗಿರಿ ಬೆಟ್ಟಸಾಲಿನ ಒಂದು ಮಗ್ಗುಲಲ್ಲಿ ಬಿದ್ದ ಮಳೆ ಕುಮಾರಧಾರೆಯಾಗಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಅರಬ್ಬೀ ಸಮುದ್ರ ಸೇರಿದರೆ, ಇನ್ನೊಂದು ಮಗ್ಗುಲಲ್ಲಿ ಬಿದ್ದದ್ದು ಹಾರಂಗಿಯಾಗಿ ಹರಿದು ಕಾವೇರಿಗೆ ಸೇರುತ್ತದೆ. ಆ ಕಾವೇರಿಯನ್ನು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ, ಸುಮಾರು 100 ಕಿಲೋಮೀಟರ್ ದೂರಕ್ಕೆ, ಹಂತಹಂತವಾಗಿ ಪಂಪು ಮಾಡುತ್ತ ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಿ ಬೆಂಗಳೂರಿಗೆ ತರಲಾಗುತ್ತದೆ. ಇಷ್ಟು ಪಾಡುಪಟ್ಟು ನಗರ ಸೇರಿದ ನೀರು ಶುಕ್ರವಾರ ರಾತ್ರಿಯ ಬಸ್ಸಿನಲ್ಲಿ ಚಾರಣಿಗನೊಂದಿಗೆ ಹೊರಟು, ಶನಿವಾರ ಬೆಳಿಗ್ಗೆ ಅವನ ಬೆನ್ನಿನ ಮೇಲೆ ಕುಳಿತು, ತಾನು ಹುಟ್ಟಿದ ಬೆಟ್ಟವನ್ನೇ ಹತ್ತುತ್ತದೆ. ಬಾಣಂತನಕ್ಕೆ ಹೊರಟ ಮಗಳನ್ನೂ ಯಾರೂ ಇಷ್ಟು ಜತನದಿಂದ ತವರಿಗೆ ಹೊತ್ತೊಯ್ದಂತಿಲ್ಲ.

ನೀರನ್ನು ಹೊರುವವರು ಯಾರು, ಕುಡಿಯುವವರು ಯಾರು ಎಂಬುದು ಇನ್ನೂ ಜಟಿಲವಾದ ಪ್ರಶ್ನೆ. ಪ್ರತಿ ಚಾರಣ ತಂಡದಲ್ಲೂ ಮೂರು ಲೀಟರ್ ಹೊತ್ತು ಬರುವ ಒಬ್ಬರಿರುತ್ತಾರೆ. ಅವರ ಹಿಂದೆಯೇ, ಕ್ಯಾಮೆರಾ ಮಾತ್ರ ಹೊತ್ತು, ‘ಒಂದೇ ಗುಟುಕು ಕೊಡಿ’ ಎನ್ನುವ ಇನ್ನೊಬ್ಬರಿರುತ್ತಾರೆ. ಗುಟುಕಿನ ಗಾತ್ರ ಕುಡಿಯುವವರ ಗಂಟಲನ್ನಲ್ಲ, ಬಾಟಲಿ ಯಾರದೆಂಬುದನ್ನು ಅವಲಂಬಿಸಿರುತ್ತದೆ. ಇದಕ್ಕೆ ಎಂಜಲಿನ ನಿಯಮವೂ ಸೇರಿಕೊಳ್ಳುತ್ತದೆ. ಕಚ್ಚಿ ಕುಡಿಯಬಾರದು, ಎತ್ತಿ ಕುಡಿಯಬೇಕು ಎಂದು ಕನ್ನಡದ ಮನೆಗಳಲ್ಲಿ ಮಕ್ಕಳಿಗೆ ಮೊದಲೇ ಕಲಿಸಿರುತ್ತಾರೆ. ಎಂದರೆ ಪಾತ್ರೆಗೆ ತುಟಿ ತಾಗಿಸದೆ, ಅದನ್ನು ಮುಖದಿಂದ ಒಂದು ಗೇಣು ಮೇಲೆ ಹಿಡಿದು, ಬಾಯೊಳಗೆ ಧಾರೆ ಬೀಳುವಂತೆ ಬಗ್ಗಿಸಬೇಕು. ಅಡುಗೆಮನೆಯಲ್ಲಿ ಸಲೀಸಾಗಿ ನಡೆಯುವ ಈ ವಿದ್ಯೆ ಶೇಷಪರ್ವತದ ಗಾಳಿಯಲ್ಲಿ ಕೈಕೊಡುತ್ತದೆ. ಏದುಸಿರು ಬಿಡುವವರು ಎತ್ತಿದ ಧಾರೆಯ ಒಂದು ಪಾಲು ಮೂಗಿಗೆ, ಒಂದು ಪಾಲು ಕುತ್ತಿಗೆಗೆ, ಗಾಳಿ ಜೋರಾಗಿದ್ದರೆ ಮತ್ತೊಂದು ಪಾಲು ಪಕ್ಕದಲ್ಲಿ ನಿಂತ ನೀರಿನ ಮಾಲೀಕರ ಮುಖಕ್ಕೇ ಸಲ್ಲುತ್ತದೆ, ಉಳಿದದ್ದು ಹೊಟ್ಟೆಗೆ.

ಈ ಸಾಮಾಜಿಕ ಸಮಸ್ಯೆಗೆ ಪರಿಹಾರ ತಂತ್ರಜ್ಞಾನದಿಂದ ಬಂದದ್ದು ವಿಶೇಷ. ಬೆನ್ನುಚೀಲದೊಳಗೆ ಮಡಗುವ ಮೆತ್ತನೆಯ ನೀರಿನ ಚೀಲ, ಅದರಿಂದ ಹೆಗಲ ಮೇಲೆ ಹಾದು ಬಾಯಿಯವರೆಗೆ ಬರುವ ಕೊಳವೆ, ಇವೆರಡೂ ಸೇರಿದ ಸಾಧನಕ್ಕೆ ಹೈಡ್ರೇಷನ್ ಬ್ಲಾಡರ್ ಎನ್ನುತ್ತಾರೆ. ನಿಲ್ಲದೆ, ನಡೆಯುತ್ತಲೇ ಆಗಾಗ ಸ್ವಲ್ಪ ಸ್ವಲ್ಪ ಹೀರಲಿ ಎಂಬುದು ಅದನ್ನು ಮಾಡಿದವರ ಉದ್ದೇಶ. ಆದರೆ ಕೊಳವೆಯನ್ನು ಕಚ್ಚದೆ ನೀರು ಬಾರದು, ಕಚ್ಚಿದರೆ ಎಂಜಲು, ಎಂಜಲಾದದ್ದನ್ನು ಇನ್ನೊಬ್ಬರು ಕೇಳುವಂತಿಲ್ಲ; ಆದ್ದರಿಂದ ಎಷ್ಟೇ ದಾಕ್ಷಿಣ್ಯದವರಾದರೂ ತಮ್ಮ ನೀರನ್ನು ತಾವೇ ಕುಡಿಯುವ ಹಕ್ಕು ಭಾರತದಲ್ಲಿ ಈ ಕೊಳವೆಯಿಂದ ಲಭಿಸಿತು. ಒಳಗೆ ಎಷ್ಟು ಉಳಿದಿದೆ ಎಂಬುದು ಮಾತ್ರ ಕಾಣದಿರುವುದರಿಂದ ನೀರು ಮುಗಿದ ಸುದ್ದಿ ಅವರಿಗೂ ಕೊಳವೆಯೊಳಗಿನ ಗಾಳಿಯ ಸದ್ದಿನಿಂದಲೇ ತಿಳಿಯಬೇಕು.

ಆಗ ತೊರೆಯ ನೆನಪಾಗುತ್ತದೆ. ಹರಿಯುವ ನೀರೆಲ್ಲ ಶುದ್ಧವೆಂಬ ನಂಬಿಕೆ ಪ್ರಾಚೀನವಾದುದು. ಕೆಳಗಿನ ತಂಡ ಭಕ್ತಿಯಿಂದ ಬಾಟಲಿ ತುಂಬುತ್ತಿರುವಾಗ ಮೇಲಿನ ತಿರುವಿನಲ್ಲಿ ಇನ್ನೊಂದು ತಂಡ ಉಂಬಳ ಕಚ್ಚಿದ ಕಾಲು ತೊಳೆಯುತ್ತಿರಬಹುದೆಂಬ ಸಾಧ್ಯತೆಯನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಡವೆ, ಕಾಡುಕೋಣಗಳೂ ಮೇಲಿನ ಹರಿವಿನಲ್ಲೇ ಇರುತ್ತವೆ. ಪ್ರಾಣಿಗಳ ಮೂತ್ರದಿಂದ ನೀರಿಗಿಳಿದು ಹರಡುವ ಇಲಿಜ್ವರ ಮಲೆನಾಡಿಗೆ ಹೊಸದಲ್ಲ. ಕರವಸ್ತ್ರದಲ್ಲಿ ಸೋಸಿದರೆ ಎಲೆಚೂರು ನಿಲ್ಲುತ್ತದೆ, ರೋಗಾಣು ನಿಲ್ಲುವುದಿಲ್ಲ. ಚೆನ್ನಾಗಿ ಕೊತಕೊತ ಕುದಿಯುವಂತೆ ಒಂದು ನಿಮಿಷ ಕುದಿಸಿದರೆ ಸಾಕು. ಶಿಖರದ ಎತ್ತರದಲ್ಲಿ ನೀರು ಸುಮಾರು 94 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದಾದರೂ ಕ್ರಿಮಿಗಳಿಗೆ ಅಷ್ಟು ಕಾವೂ ತಡೆಯದು. ಕ್ಲೋರಿನ್ ಮಾತ್ರೆ ಹಾಕಿದರೆ ಸಾಮಾನ್ಯವಾಗಿ ಅರ್ಧ ಗಂಟೆ ಕಾಯಬೇಕು. ಬಾಯಾರಿದವರಿಗೆ ತುಂಬಿದ ಬಾಟಲಿ ಕೊಟ್ಟು ಅರ್ಧ ಗಂಟೆ ಸುಮ್ಮನೆ ಕೂರಿಸುವ ಈ ವಿಧಾನವನ್ನು ವೈದ್ಯಶಾಸ್ತ್ರಕ್ಕಿಂತ ತಪಶ್ಶಾಸ್ತ್ರದ ವಿಭಾಗದಲ್ಲಿಡುವುದು ಹೆಚ್ಚು ಉಚಿತ.

ಇನ್ನು ಅತಿಯಾಗಿ ಕುಡಿಯುವವರ ಪಂಗಡ. ಬೆವರಿನಲ್ಲಿ ನೀರಿನೊಡನೆ ಉಪ್ಪೂ ಹೋಗುವುದರಿಂದ, ಬರೀ ನೀರನ್ನೇ ಮಿತಿಮೀರಿ ಸುರಿದುಕೊಂಡರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ, ಮಂಕು ಕವಿಯುತ್ತವೆ. ವಿಪರೀತಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇಕಡ 13ರಷ್ಟು ಮಂದಿಯಲ್ಲಿ ಸೋಡಿಯಂ ಸಹಜ ಮಟ್ಟಕ್ಕಿಂತ ಕೆಳಗಿತ್ತು. ಇದಕ್ಕೆ ಮದ್ದು ಕುಮಾರ ಪರ್ವತದ ದಾರಿಯಲ್ಲೇ ಇದೆ. ಭಟ್ಟರ ಮನೆಯಲ್ಲಿ ಅನ್ನ, ಸಾಂಬಾರಿನ ಜೊತೆ ಬಡಿಸುವ ಉಪ್ಪು ಬೆರೆತ ಮಜ್ಜಿಗೆಯ ಮುಂದೆ, ಬಣ್ಣಬಣ್ಣದ ಪುಡಿಗಳನ್ನು ನೀರಿಗೆ ಕಲಸಿಕೊಂಡು ಬಂದವರೂ ಸಾಲಾಗಿ ಕುಳಿತಿರುತ್ತಾರೆ.

ಈ ಎರಡು ಅತಿಗಳ ನಡುವೆ ನೀರನ್ನು ಕೂಡಿಡುವವರೊಬ್ಬರಿರುತ್ತಾರೆ. ‘ಮುಂದೆ ಬೇಕಾಗುತ್ತದೆ’ ಎಂಬುದು ಅವರ ಸಿದ್ಧಾಂತ. ಕಲ್ಲುಮಂಟಪದಲ್ಲಿ ನಿಂತಾಗ ಶೇಷಪರ್ವತ ಮುಂದಿರುತ್ತದೆ, ಶಿಖರದಲ್ಲಿ ನಿಂತಾಗ ಇಳಿಯುವ ದಾರಿ ಮುಂದಿರುತ್ತದೆ. ಗಂಟಲು ಒಣಗಿದ್ದರೂ ಬಾಟಲಿಯ ಮುಚ್ಚಳ ತೆರೆಯುವುದಿಲ್ಲ, ಉಳಿಸಿದ ಒಂದು ಲೀಟರಿನ ಭಾರವನ್ನು ಇಳಿಜಾರಿನುದ್ದಕ್ಕೂ ಮಂಡಿಗಳು ಭರಿಸುತ್ತವೆ. ಕುಕ್ಕೆಗೆ ಬಂದಿಳಿದಾಗ ಬಿಸಿಲಿಗೆ ಕಾದು ಪ್ಲಾಸ್ಟಿಕ್ಕಿನ ವಾಸನೆ ಹಿಡಿದ ಆ ನೀರನ್ನು ಅವರು ಬಸ್ ನಿಲ್ದಾಣದ ಪಕ್ಕದ ಗಿಡಕ್ಕೆ ಸುರಿದು, ಅಂಗಡಿಯಿಂದ ತಣ್ಣನೆಯ ಹೊಸ ಬಾಟಲಿ ಕೊಂಡು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಪಕ್ಕದ ಸೀಟಿನವರು ಒಂದು ಗುಟುಕು ಕೇಳಿದರೆ, ‘ಸ್ವಲ್ಪ ತಡೀರಿ, ಸಕಲೇಶಪುರ ದಾಟಲಿ’ ಎನ್ನುತ್ತಾರೆ.