ಸಾಲಕ್ಕೆ ಸಾಲದ ಕಾಗದ

ಅಮೆರಿಕದಲ್ಲಿ 2009ರ ‘ಹ್ಯಾಂಪ್’ ಯೋಜನೆಯಡಿ ಮನೆಸಾಲದ ಕಂತನ್ನು ಆದಾಯದ ಶೇ 31ಕ್ಕೆ, ಬಡ್ಡಿಯನ್ನು ಶೇ 2ರವರೆಗೆ ಇಳಿಸಬಹುದಿತ್ತು. ಉಳಿದದ್ದೆಲ್ಲ ಕಂತು ವಸೂಲಿ ಕಚೇರಿಯ ಫೋನಿನಲ್ಲಿ.

ಸಾಲಗಾರ: ಸಾರ್, ಕಂತು ಇಳಿಸ್ತೀರಾ?

ಗುಮಾಸ್ತ: ಎಷ್ಟು ಕಂತು ಕಟ್ಟದೆ ಬಾಕಿ ಇದೆ?

ಸಾಲಗಾರ: ಒಂದೂ ಇಲ್ಲ.

ಗುಮಾಸ್ತ: ಹಾಗಾದ್ರೆ ನಿಮಗೆ ಕಷ್ಟ ಎಲ್ಲಿದೆ? ಬಾಕಿ ಉಳಿಸ್ಕೊಂಡು ಬನ್ನಿ.

ಸಾಲಗಾರ: ಉಳಿಸ್ಕೊಂಡೆ.

ಗುಮಾಸ್ತ: ಬಾಕಿದಾರರನ್ನ ನಂಬೋದು ಹೇಗೆ? ಸಂಬಳದ ಚೀಟಿ ಫ್ಯಾಕ್ಸ್ ಮಾಡಿ.

ಸಾಲಗಾರ: ಮಾಡ್ತಾನೇ ಇದೀನಿ.

ಗುಮಾಸ್ತ: ಸಿಕ್ಕಿಲ್ಲ. ಸಿಕ್ಕಿದ್ದು ಹಳೇದಾಯ್ತು. ಸಾಲಕ್ಕೆ ಇಷ್ಟು ಕಾಗದ ಸಾಲದು.

ಸಾಲಗಾರ: ಹರಾಜಿನ ನೋಟಿಸ್ ಬಂದಿದೆಯಲ್ಲ?

ಗುಮಾಸ್ತ: ಅದು ಬೇರೆ ವಿಭಾಗ. ಅಲ್ಲಿ ಕಾಗದ ಕಳೆಯೋದಿಲ್ಲ.

2014ರ ನಿಯಮದಂತೆ, ಪೂರ್ತಿ ಅರ್ಜಿ ಹರಾಜಿಗೆ 37 ದಿನಕ್ಕಿಂತ ಮೊದಲೇ ತಲುಪಿದರೆ ತೀರ್ಮಾನವಾಗುವವರೆಗೆ ಮನೆ ಹರಾಜಾಗದು. ಅರ್ಜಿ ಪೂರ್ತಿಯಾಗಿದೆಯೇ ಎಂದು ನೋಡುವವರು ಮಾತ್ರ ಅದೇ ಕಚೇರಿಯವರು.