ಲಂಗ ತೊಟ್ಟು ದೋಣಿ ಏರಿದ್ದು

ಮಂಡ್ಯದವರಾದ ನಮಗೆ ಆಷಾಢ ಬಂತೆಂದರೆ ಒಂದೇ ಚಿಂತೆ, ಕನ್ನಂಬಾಡಿ ಕಟ್ಟೆಯಲ್ಲಿ ನೀರೆಷ್ಟು? 124.80 ಅಡಿ ಮುಟ್ಟುವ ತನಕ ನಿದ್ದೆಯಿಲ್ಲ. ಅಮೆರಿಕದ ಮಿನ್ನೆಸೋಟದಲ್ಲಿರುವ ಮಗನ ಮನೆಗೆ ಹೋದರೆ ಅಲ್ಲೂ ಇಂಥವರೇ. ಏಪ್ರಿಲ್ ಬಂದರೆ 'ಐಸ್ ಔಟ್' ಆಯಿತೇ, ಯಾವ ಕೆರೆಯ ಮಂಜುಗಡ್ಡೆ ಕರಗಿತು, ಇದೇ ಮಾತು. ಹತ್ತು ಎಕರೆ ಮೀರಿದ ಕೆರೆಗಳೇ 11,842 ಇರುವ ರಾಜ್ಯ, ಮಾತಿಗೇನು ಬರ?

ಮೇ ಮೊದಲ ವಾರ ಉತ್ತರದ ಈಲಿ ಪಟ್ಟಣದ ಬಳಿ ಒಂದು ಕೆರೆಯ ಮಂಜುಗಡ್ಡೆ ಬಿಟ್ಟ ಸುದ್ದಿ ಬಂತು. ಮಗ ಕಾರಿನ ನೆತ್ತಿಗೆ ಎರಡು ಕಯಾಕ್ ದೋಣಿ ಬಿಗಿದ. "ಈಗ ಹೋದ್ರೆ ಸೊಳ್ಳೆ ಇಲ್ಲ, ಜನ ಇಲ್ಲ ಅಪ್ಪಾ." ಜನ ಯಾಕಿಲ್ಲ ಎಂದು ನಾನು ಆಗಲೇ ಕೇಳಬೇಕಿತ್ತು.

ನೀರು ಐದು ಡಿಗ್ರಿ. "ವಿ.ಸಿ. ನಾಲೇಲಿ ಈಜು ಕಲಿತೋನು ಕಣೋ ನಾನು" ಎಂದೆ. ಆ ನೀರಿಗೆ ಅದು ಲೆಕ್ಕಕ್ಕಿಲ್ಲವಂತೆ. ಬಿದ್ದರೆ ಒಂದು ನಿಮಿಷ ಉಸಿರು ಹಿಡಿತಕ್ಕೆ ಸಿಗದು, ಹತ್ತು ನಿಮಿಷಕ್ಕೆ ಕೈಕಾಲು ಮಾತು ಕೇಳವು, ಒಂದು ಗಂಟೆಗೆ ಪ್ರಜ್ಞೆ ಹೋಗುತ್ತದೆ. ಇದನ್ನು 1-10-1 ಎಂದು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ.

ಅದಕ್ಕೇ ಡ್ರೈಸೂಟ್. ಪಾದದಿಂದ ಕುತ್ತಿಗೆವರೆಗೆ ಒಂದೇ ಚೀಲ. ಕುತ್ತಿಗೆಯ ರಬ್ಬರಿನೊಳಗೆ ತಲೆ ತೂರಿಸುವಾಗ ಕಿವಿಗಳು ಮಡಚಿಕೊಂಡವು, ಮೂಗು ಕೆನ್ನೆಗೆ ಬಂತು. ಮೇಲೆ ಲೈಫ್ ಜಾಕೆಟ್. ದೋಣಿಯ ಬಾಯಿಗೆ ನೀರು ನುಗ್ಗದಿರಲೆಂದು ಸೊಂಟಕ್ಕೊಂದು ಸ್ಕರ್ಟ್. ಹೆಸರೇ ಸ್ಕರ್ಟ್! ಅರವತ್ತೆಂಟಕ್ಕೆ ಲಂಗ ತೊಟ್ಟೆ. "ಏನ್ರೀ, ಮೊದ್ಲು ಕಿವಿ ಮುಚ್ಕೊಳ್ಳಿ" ಎಂದು ನನ್ನ ಹೆಂಡತಿ ಮಂಕಿ ಟೋಪಿಯನ್ನೂ ತೊಡಿಸಿದಳು. ಸೀಲ್ ಚರ್ಮದ ಕಯಾಕ್ ಕಟ್ಟಿ ಬೇಟೆಗೆ ಹೋಗುತ್ತಿದ್ದ ಇನ್ಯೂಟರು ನನ್ನನ್ನು ಕಂಡಿದ್ದರೆ ಬೇಟೆಯನ್ನೇ ಬಿಡುತ್ತಿದ್ದರು.

ನೀರಿಗಿಳಿದ ಮೇಲೆ ಮಾತ್ರ ನಗೆ ನಿಂತಿತು. ನಮ್ಮ ಹರಿಗೋಲು ಬುಗುರಿ, ಇದು ಸೂಜಿ. ನೆರಳಿನ ಮೂಲೆಯಲ್ಲಿ ಉಳಿದ ಮಂಜುಗಡ್ಡೆಯ ಚೂರುಗಳು ಅಲೆಗೆ ಅಲುಗಿ ಗಾಜಿನ ಬಳೆಗಳಂತೆ ಕಿಣಿಕಿಣಿ ಎನ್ನುತ್ತಿದ್ದವು. ಹತ್ತಿರದಲ್ಲೇ ಒಂದು ಲೂನ್ ಹಕ್ಕಿ, ಕೆಂಪು ಕಣ್ಣು, ಬೆನ್ನ ಮೇಲೆ ಚೌಕುಳಿ. ಮೂಳೆ ಭಾರವಾದ್ದರಿಂದ ಹಾರಬೇಕಾದರೆ ನೀರ ಮೇಲೆ ಬಹುದೂರ ಓಡಬೇಕು. ಏಳುವುದಕ್ಕೆ ಅದೂ ನನ್ನಷ್ಟೇ ತಿಣುಕುವುದನ್ನು ನೋಡಿ ಸಮಾಧಾನವಾಯಿತು.

ನಡುವೆ ಒಂದು ದ್ವೀಪದಲ್ಲಿ ಕಾಫಿ. ಚಳಿ, ಕಾಫಿ, ವಯಸ್ಸು ಮೂರೂ ಸೇರಿದರೆ ಆಗುವುದೇ ಆಯಿತು. ಪುಣ್ಯಕ್ಕೆ ಡ್ರೈಸೂಟಿಗೆ ಮುಂದೊಂದು ಝಿಪ್ ಇದೆ.

ಮರಳಿ ದಡಕ್ಕೆ ಬಂದು ಒಂದು ಕಾಲು ಹೊರಗಿಟ್ಟೆ. ಕಯಾಕ್ ಇನ್ನೊಂದು ಕಾಲನ್ನು ಕರೆದುಕೊಂಡು ಹೊರಟಿತು. ಸೊಂಟದುದ್ದ ನೀರಲ್ಲಿ ಕೂತೆ. ಡ್ರೈಸೂಟ್ ಇದೆಯಲ್ಲ ಎಂಬ ಧೈರ್ಯ ಎರಡು ಕ್ಷಣ ಇತ್ತು. ಝಿಪ್ ಹಾಕಿರಲಿಲ್ಲ. ನನ್ನ "ಅಯ್ಯಪ್ಪೋ" ಎಂಬ ಕೂಗಿಗೆ ಆಚೆ ದಡದಿಂದ ಲೂನ್ ಓಗೊಟ್ಟಿತು. ನೀರು ಒಳಗೆ ಬಾರದಂತೆ ಹೊಲಿದ ಬಟ್ಟೆ ಒಳಗೆ ಬಂದದ್ದನ್ನು ಹೊರಗೂ ಬಿಡಲಿಲ್ಲ. ಮಗ ಕೊಡ ಬಗ್ಗಿಸಿದಂತೆ ನನ್ನನ್ನು ಬಗ್ಗಿಸಿ ಖಾಲಿ ಮಾಡಿದ.

ಇವಳು ಓಡಿಬಂದು ಮೊದಲು ಮುಟ್ಟಿ ನೋಡಿದ್ದು ಮಂಕಿ ಟೋಪಿಯನ್ನು. ಅದಕ್ಕೆ ಒಂದು ಹನಿಯೂ ತಾಗಿರಲಿಲ್ಲ.